ಮಗನನ್ನು ಯೂಟಾದ ಕೇಂದ್ರಕ್ಕೆ ಕಳಿಸಬೇಕಾ?

ಪ್ರಶ್ನೆ: ಡಾಕ್ಟ್ರೇ, ನಾವು ಡಲ್ಲಾಸ್ ಹತ್ತಿರ ಇರುವ ಕನ್ನಡದವರು. ಮಗನಿಗೆ 15 ವರ್ಷ. ಎರಡು ತಿಂಗಳ ಹಿಂದೆ ಅವನ ಬ್ಯಾಗಿನಲ್ಲಿ ಗಾಂಜಾದ ವೇಪ್ ಪೆನ್ ಸಿಕ್ಕಿತು, ಸ್ಕೂಲಿನವರು ಆಲ್ಟರ್ನೇಟಿವ್ ಸ್ಕೂಲಿಗೆ ಹಾಕಿದರು. ಹೋದ ವಾರ ಅವನ ರೂಮಿನಲ್ಲಿ ಎರಡು ನೀಲಿ ಮಾತ್ರೆ ಸಿಕ್ಕಿವೆ, ಫ್ರೆಂಡ್ ಕೊಟ್ಟ ಅಂತಾನೆ. ಜಾಸ್ತಿ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾನೆ. ಪರಿಚಯದವರು ಹೇಳಿದ ಒಬ್ಬ ಕನ್ಸಲ್ಟೆಂಟ್ ಹತ್ತಿರ ಹೋದೆವು. ಮೊದಲು ಯೂಟಾದಲ್ಲಿ ಎರಡೂವರೆ ತಿಂಗಳು ಕಾಡಿನ ಕ್ಯಾಂಪ್, ಆಮೇಲೆ ಒಂದು ವರ್ಷ ಅಲ್ಲೇ ರೆಸಿಡೆನ್ಶಿಯಲ್ ಸೆಂಟರ್ ಅಂದರು. ಬೆಳಗಿನ ಜಾವ ಇಬ್ಬರು ಬಂದು ಕರೆದುಕೊಂಡು ಹೋಗುತ್ತಾರಂತೆ, ಮಗನಿಗೆ ಮೊದಲೇ ಹೇಳಬಾರದಂತೆ. ಮೊದಲ ಆರು ವಾರ ಫೋನ್ ಇಲ್ಲ. ನಮ್ಮವರು ಒಪ್ಪಿದ್ದಾರೆ. ಮೈಸೂರಿನಲ್ಲಿರುವ ನಮ್ಮ ಭಾವ ಮಾತ್ರ ಬೆಂಗಳೂರಿನ ರಿಹ್ಯಾಬ್‌ಗೆ ಹಾಕಿ, ಖರ್ಚೂ ಕಮ್ಮಿ ಅಂತಾರೆ. ಇಂಥ ಕಡೆ ಮಕ್ಕಳನ್ನು ಹೊಡೆಯುತ್ತಾರೆ ಅಂತ ಎಲ್ಲೋ ಓದಿದೆ. ನಿಜವಾ? ನಾನೇನು ಮಾಡಲಿ?

ಉತ್ತರ: ಮೊದಲು ಆ ಎರಡು ಮಾತ್ರೆಯ ವಿಷಯ ಮುಗಿಸೋಣ, ಉಳಿದದ್ದು ಆಮೇಲೆ. ಫ್ರೆಂಡ್ ಕೊಟ್ಟ, ಡಬ್ಬಿ ಇಲ್ಲದ ನೀಲಿ ಮಾತ್ರೆ ಅಂದರೆ ಅಮೆರಿಕದಲ್ಲಿ ಈಗ ಅದನ್ನು ಫೆಂಟನಿಲ್, ಅಂದರೆ ಹೆರಾಯಿನ್ ಜಾತಿಯದೇ ಆದ ಇನ್ನೂ ಬಲವಾದ ಮಾದಕ ವಸ್ತು, ಅಂತಲೇ ಲೆಕ್ಕ ಹಾಕಬೇಕು. ಔಷಧ ಅಂಗಡಿಯ ನೋವಿನ ಮಾತ್ರೆಯಂತೆಯೇ ಅಚ್ಚು ಹಾಕಿ ಮಾರುತ್ತಾರೆ, ಕಣ್ಣಲ್ಲಿ ನೋಡಿ ಗುರುತಿಸಲು ಯಾರಿಗೂ ಆಗಲ್ಲ. ಅಲ್ಲಿನ ಮಾದಕ ವಸ್ತು ನಿಗ್ರಹ ಸಂಸ್ಥೆ ಡಿಇಎ 2023ರಲ್ಲಿ ಇಂಥ ನಕಲಿ ಮಾತ್ರೆಗಳನ್ನು ಪರೀಕ್ಷೆ ಮಾಡಿದಾಗ 10ರಲ್ಲಿ 7 ಮಾತ್ರೆಯಲ್ಲಿ ಜೀವ ಹೋಗುವಷ್ಟು ಫೆಂಟನಿಲ್ ಇತ್ತು. ನಿಮ್ಮ ಪಕ್ಕದ ಕ್ಯಾರಲ್‌ಟನ್‌ನಲ್ಲಿ 2022-23ರಲ್ಲಿ ಸ್ಕೂಲ್ ಮಕ್ಕಳು ಒಬ್ಬರ ಹಿಂದೆ ಒಬ್ಬರು ಸತ್ತದ್ದು ಇದರಿಂದಲೇ. ಹಾಗಾಗಿ ಇವತ್ತೇ ಔಷಧ ಅಂಗಡಿಗೆ ಹೋಗಿ, ಫೆಂಟನಿಲ್‌ನ ಪರಿಣಾಮ ಇಳಿಸುವ ನಲಾಕ್ಸೋನ್ ಮೂಗಿನ ಸ್ಪ್ರೇ ತನ್ನಿ. ನಾರ್ಕ್ಯಾನ್ ಅಂದರೆ ಕೊಡುತ್ತಾರೆ, 2023ರಿಂದ ಡಾಕ್ಟರ ಚೀಟಿ ಬೇಕಿಲ್ಲ. ಮಗ ಅಲ್ಲಾಡಿಸಿದರೂ ಏಳದೆ, ತುಟಿ ನೀಲಿಯಾಗಿ, ಉಸಿರು ಗೊರಗೊರ ಅನ್ನುತ್ತಿದ್ದರೆ ಒಂದು ಹೊಳ್ಳೆಗೆ ಹಾಕಿ, 911ಕ್ಕೆ ಫೋನ್ ಮಾಡಿ. ಎರಡು ಮೂರು ನಿಮಿಷದಲ್ಲಿ ಏಳದಿದ್ದರೆ ಇನ್ನೊಂದು ಹೊಳ್ಳೆಗೆ ಇನ್ನೊಂದು. ಸ್ಪ್ರೇ ಎಲ್ಲಿಟ್ಟಿದ್ದೀರಿ ಅಂತ ಮಗನಿಗೂ ಹೇಳಿ. ಹೀಗೆ ಹೇಳಿದರೆ "ತಗೋ" ಅಂತ ಅನುಮತಿ ಕೊಟ್ಟಂತಾಗುತ್ತದೆ ಅಂತ ಅಪ್ಪ ಅಮ್ಮಂದಿರು ಹೆದರುತ್ತಾರೆ. ಹಾಗೇನೂ ಆಗಲ್ಲ.

ಇನ್ನು ನಿಮ್ಮ ಪ್ರಶ್ನೆ. ಆ ಕನ್ಸಲ್ಟೆಂಟ್ ಹೇಳಿದ ರೀತಿಯಲ್ಲಿ ಕಳಿಸಬೇಡಿ. ಇಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮವರು ಇದನ್ನು ಓದಬೇಕು, ಅವರಿಗೆ ಕಾರಣ ಬೇಕಾಗುತ್ತದೆ, ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ.

ಹೊಡೆಯುತ್ತಾರಾ ಅಂತ ಕೇಳಿದ್ದೀರಿ. ಎಲ್ಲ ಕಡೆ ಹೊಡೆಯುವುದಿಲ್ಲ. ಕೆಲವು ಕಡೆ ಹೊಡೆದಿದ್ದಾರೆ, ಕೆಲವು ಕಡೆ ಮಕ್ಕಳು ಸತ್ತೂ ಇದ್ದಾರೆ. ಆದರೆ ಇದೆಲ್ಲ ಯಾರೋ ಕೆಟ್ಟ ಸಿಬ್ಬಂದಿಯ ಕೆಲಸ ಅಂದುಕೊಂಡರೆ, ಒಳ್ಳೆ ಸಿಬ್ಬಂದಿ ಇರುವ ಜಾಗ ಹುಡುಕಿದರೆ ಆಯ್ತು ಅನ್ನಿಸಿಬಿಡುತ್ತದೆ. ತೊಂದರೆ ಅದಕ್ಕಿಂತ ಆಳದಲ್ಲಿದೆ. ಹುಡುಗನನ್ನು ಮೊದಲು ಮುರಿಯಬೇಕು, ಆಮೇಲೆ ಕಟ್ಟಬೇಕು ಅನ್ನುವ ಒಂದು ನಂಬಿಕೆ ಈ ಉದ್ಯಮದಲ್ಲಿ ಅಪ್ಪನಿಂದ ಮಗನಿಗೆ ಬಂದ ಆಸ್ತಿಯ ಹಾಗೆ ಇಳಿದು ಬಂದಿದೆ. ಎಲ್ಲಿಂದ ಬಂತು ಅಂತ ನೋಡಿದರೆ ನಿಮಗೇ ಗೊತ್ತಾಗುತ್ತದೆ.

1958ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಚಾರ್ಲ್ಸ್ ಡೀಡರಿಕ್ ಅನ್ನುವವನು ಸಿನಾನನ್ ಅಂತ ಒಂದು ಸಂಸ್ಥೆ ಶುರು ಮಾಡಿದ. ಅವನು ಡಾಕ್ಟರಲ್ಲ, ಕುಡಿತ ಬಿಟ್ಟವನು, ಅಷ್ಟೇ. ಅಲ್ಲಿನ ಮುಖ್ಯ ಚಿಕಿತ್ಸೆಯ ಹೆಸರು ‘ಗೇಮ್’. ಎಲ್ಲರೂ ಸುತ್ತ ಕೂರುವುದು, ಒಬ್ಬನನ್ನು ಹಿಡಿದುಕೊಂಡು ಗಂಟೆಗಟ್ಟಲೆ ಬೈಯುವುದು, ಅವನು ಮುಚ್ಚಿಟ್ಟದ್ದನ್ನೆಲ್ಲ ಎಲ್ಲರೆದುರು ಬಿಚ್ಚಿ ಹಾಕುವುದು. ಹೆರಾಯಿನ್ ಬಿಡಿಸುತ್ತಾನೆ ಅಂತ ದೊಡ್ಡ ಹೆಸರಾಯಿತು. ಆಮೇಲೆ ಅದು ಧರ್ಮ ಅಂತ ಹೇಳಿಕೊಂಡಿತು, ಕೊನೆಗೆ 1978ರಲ್ಲಿ ತಮ್ಮ ವಿರುದ್ಧ ಕೇಸು ನಡೆಸಿದ ವಕೀಲರ ಮನೆಯ ಅಂಚೆ ಡಬ್ಬಿಯಲ್ಲಿ ವಿಷದ ಹಾವು ಇಡುವ ಮಟ್ಟಕ್ಕೆ ಹೋಯಿತು. ಹಾವು ಕಚ್ಚಿತು, ಪುಣ್ಯಕ್ಕೆ ವಕೀಲರು ಬದುಕಿದರು. 1991ರಲ್ಲಿ ಸಿನಾನನ್ ಮುಚ್ಚಿತು, ಆದರೆ ಅಷ್ಟು ಹೊತ್ತಿಗೆ ಆ ಪದ್ಧತಿ ಮಕ್ಕಳ ಕಡೆ ತಿರುಗಿ ವರ್ಷಗಳೇ ಆಗಿದ್ದವು.

1970ರಲ್ಲಿ ಫ್ಲಾರಿಡಾದಲ್ಲಿ ‘ದ ಸೀಡ್’ ಅಂತ ಹದಿಹರೆಯದವರಿಗೇ ಒಂದು ಕಾರ್ಯಕ್ರಮ ಬಂತು. ಸರ್ಕಾರದ ದುಡ್ಡೂ ಸಿಕ್ಕಿತು. 1974ರಲ್ಲಿ ಅಮೆರಿಕದ ಸೆನೆಟ್‌ನ ಒಂದು ಉಪಸಮಿತಿ ವರದಿ ಕೊಟ್ಟು, ಇಲ್ಲಿನ ವಿಧಾನ ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕದ ಸೈನಿಕರ ಮೇಲೆ ಉತ್ತರ ಕೊರಿಯಾದವರು ಬಳಸಿದ ತಂತ್ರಗಳನ್ನು ಹೋಲುತ್ತದೆ ಅಂತ ಹೇಳಿತು. ಆದರೂ ಎರಡೇ ವರ್ಷಕ್ಕೆ, ಸೀಡ್‌ಗೆ ಮಕ್ಕಳನ್ನು ಕಳಿಸಿದ್ದ ಕೆಲವು ಅಪ್ಪ ಅಮ್ಮಂದಿರೇ ಸೇರಿ ಅದೇ ಊರುಗಳ ಕಡೆ ‘ಸ್ಟ್ರೇಟ್’ ಶುರು ಮಾಡಿದರು. 1976, ಸೇಂಟ್ ಪೀಟರ್ಸ್‌ಬರ್ಗ್. ಮುಂದೆ ನಿಂತವರಲ್ಲಿ ಒಬ್ಬರು ಮೆಲ್ ಸೆಂಬ್ಲರ್, ಶಾಪಿಂಗ್ ಸೆಂಟರ್ ಕಟ್ಟುವ ಉದ್ಯಮಿ, ಮುಂದೆ ಅಮೆರಿಕದ ರಾಯಭಾರಿಯೂ ಆದರು. ಸ್ಟ್ರೇಟ್ ಹಲವು ರಾಜ್ಯಗಳಿಗೆ ಹಬ್ಬಿತು. ನಿಮ್ಮ ಡಲ್ಲಾಸ್‌ನಲ್ಲೂ ಒಂದು ಶಾಖೆ ಇತ್ತು.

ಸ್ಟ್ರೇಟ್ ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಅಲ್ಲಿ ಇದ್ದವರು ಕೋರ್ಟಿನಲ್ಲೂ ಪತ್ರಿಕೆಗಳಲ್ಲೂ ಹೇಳಿದ್ದರಲ್ಲಿ ಅದೇ ಅದೇ ಸಂಗತಿ ಮತ್ತೆ ಮತ್ತೆ ಬರುತ್ತದೆ. ಹೊಸದಾಗಿ ಬಂದ ಹುಡುಗನ ಪ್ಯಾಂಟಿನ ಹಿಂದೆ ಬೆಲ್ಟಿನ ಕೊಕ್ಕೆಗೆ ಬೆರಳು ಸಿಕ್ಕಿಸಿ ಹಳೆಯ ಹುಡುಗ ಎಲ್ಲಿಗೆ ಹೋದರೂ ಹಿಡಿದುಕೊಂಡೇ ಇರುತ್ತಿದ್ದ, ಕಕ್ಕಸಿಗೂ. ಹಗಲೆಲ್ಲ ಗಟ್ಟಿ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ. ಮಾತಾಡಬೇಕಾದರೆ ಎರಡೂ ಕೈಗಳನ್ನು ಗಾಳಿಯಲ್ಲಿ ಜೋರಾಗಿ ಬಡಿಯಬೇಕು. ಬಡಿಯದೆ ಸುಮ್ನೆ ಕೂತರೆ ಪಕ್ಕದವರು ಬಡಿಸುತ್ತಾರೆ. ರಾತ್ರಿ ಅವನ ಮನೆಗೆ ಕಳಿಸದೆ ಇನ್ನೊಬ್ಬ ಹಳೆಯ ಹುಡುಗನ ಮನೆಗೆ ಕರೆದೊಯ್ದು ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ವಿರೋಧಿಸಿದರೆ ನಾಲ್ಕೈದು ಜನ ನೆಲಕ್ಕೆ ಕೆಡವಿ ಮೇಲೆ ಕೂರುತ್ತಿದ್ದರು. ಇದೆಲ್ಲ ಮಾಡುತ್ತಿದ್ದದ್ದು ಬಹುತೇಕ ಬೇರೆ ಮಕ್ಕಳೇ, ಹಾಗೆ ಮಾಡಿದರೆ ಮಾತ್ರ ಅವರಿಗೆ ಮೇಲಿನ ಹಂತ, ಮನೆಗೆ ಹೋಗುವ ದಾರಿ. ಎರಡು ಸಲ ಗಾಂಜಾ ಸೇದಿದವನೂ "ನಾನು ಚಟಗಾರ" ಅಂತ ಒಪ್ಪುವವರೆಗೆ ಬಿಡುತ್ತಿರಲಿಲ್ಲ. ಒಪ್ಪದಿದ್ದರೆ ಅದೇ ಚಟದ ಲಕ್ಷಣ. ತಮ್ಮನನ್ನು ನೋಡಲು ಹೋದ ಒಬ್ಬ ಕಾಲೇಜು ಹುಡುಗನನ್ನೂ ಹಿಡಿದು ತಿಂಗಳುಗಟ್ಟಲೆ ಇಟ್ಟುಕೊಂಡರು. ಅವನು ತಪ್ಪಿಸಿಕೊಂಡು ಬಂದು ಕೇಸು ಹಾಕಿದ, 1983ರಲ್ಲಿ ಜ್ಯೂರಿ 2,20,000 ಡಾಲರ್ ಪರಿಹಾರ ಕೊಡಿಸಿತು.

ಈ ಕಾಲದಲ್ಲೇ ಅಲ್ಲಿಗೆ ಭೇಟಿ ಕೊಟ್ಟು ಹೊಗಳಿದವರು ಯಾರು ಗೊತ್ತಾ? 1982ರಲ್ಲಿ ಅಧ್ಯಕ್ಷರ ಪತ್ನಿ ನ್ಯಾನ್ಸಿ ರೀಗನ್. 1985ರಲ್ಲಿ ಅವರ ಜತೆ ಬ್ರಿಟನ್ನಿನ ರಾಜಕುಮಾರಿ ಡಯಾನಾ. ನಿಮ್ಮ ಕನ್ಸಲ್ಟೆಂಟ್ ತೋರಿಸುವ ಬ್ರೋಷರಿನಲ್ಲಿ ಎಂಥ ದೊಡ್ಡವರ ಫೋಟೋ ಇದ್ದರೂ ಇದನ್ನು ನೆನಪಿಡಿ. ಸ್ಟ್ರೇಟ್ 1993ರಲ್ಲಿ ಮುಚ್ಚಿತು. ಅಲ್ಲಿ ಕ್ಲಿನಿಕಲ್ ಡೈರೆಕ್ಟರ್ ಆಗಿದ್ದ ಮಿಲ್ಲರ್ ನ್ಯೂಟನ್ ಅಷ್ಟರೊಳಗೆ ನ್ಯೂಜೆರ್ಸಿಯಲ್ಲಿ ‘ಕಿಡ್ಸ್’ ಅಂತ ತನ್ನದೇ ಕೇಂದ್ರ ತೆರೆದಿದ್ದ. ಚಿಕ್ಕ ಹುಡುಗಿಯಾಗಿ ಅಲ್ಲಿಗೆ ಸೇರಿ 13 ವರ್ಷ ಅಲ್ಲೇ ಕಳೆದ ಒಬ್ಬ ಮಹಿಳೆಗೆ 2003ರಲ್ಲಿ 65 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. 13 ವರ್ಷ! ಜೀವಾವಧಿ ಶಿಕ್ಷೆಯಾದ ಕೈದಿಗಳು ನಮ್ಮಲ್ಲಿ ಎಷ್ಟೋ ಸಲ ಅದಕ್ಕೆ ಸ್ವಲ್ಪ ಆಚೆ ಬಿಡುಗಡೆ ಆಗುತ್ತಾರೆ.

ಇದು ಹಳೇ ಕಥೆ, ಈಗೆಲ್ಲ ಬದಲಾಗಿದೆ ಅಂತ ನಿಮ್ಮವರು ಹೇಳಬಹುದು. ಬದಲಾಗಿದ್ದು ಇದೆ, ಉಳಿದದ್ದೂ ಇದೆ. 2007ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕ ತಪಾಸಣೆ ಸಂಸ್ಥೆ ಜಿಎಒ ತನಿಖೆ ಮಾಡಿ, 1990ರಿಂದ ಇಂಥ ಕೇಂದ್ರಗಳ ಮೇಲೆ ಸಾವಿರಾರು ದೌರ್ಜನ್ಯದ ಆರೋಪ ಬಂದಿವೆ ಅಂದಿತು. 2005 ಒಂದೇ ವರ್ಷದಲ್ಲಿ 33 ರಾಜ್ಯಗಳು ಕೊಟ್ಟ ಲೆಕ್ಕದಲ್ಲಿ 1,619 ಸಿಬ್ಬಂದಿ ದೌರ್ಜನ್ಯದ ಘಟನೆಗಳಲ್ಲಿ ಇದ್ದರು. ಇನ್ನೂ ಹತ್ತಿರಕ್ಕೆ ಬನ್ನಿ. 2020ರಲ್ಲಿ ಮಿಷಿಗನ್‌ನ ಒಂದು ಕೇಂದ್ರದಲ್ಲಿ 16ರ ಹುಡುಗ ಊಟದ ಮನೆಯಲ್ಲಿ ಸ್ಯಾಂಡ್‌ವಿಚ್ ಎಸೆದ ಅಂತ ಸಿಬ್ಬಂದಿ ನೆಲಕ್ಕೆ ಒತ್ತಿ ಹಿಡಿದರು, ಅವನು ಉಳಿಯಲಿಲ್ಲ. 2024ರ ಫೆಬ್ರವರಿಯಲ್ಲಿ ನಾರ್ತ್ ಕೆರೊಲಿನಾದ ಒಂದು ಕಾಡಿನ ಕ್ಯಾಂಪಿಗೆ ಬಂದ 12 ವರ್ಷದ ಹುಡುಗ ಮೊದಲ ರಾತ್ರಿಯೇ, ಹೊರಗಿನಿಂದ ಭದ್ರ ಮಾಡಿದ ಸಣ್ಣ ಟೆಂಟಿನಂಥ ಚೀಲದೊಳಗೆ ಉಸಿರುಗಟ್ಟಿ ಸತ್ತ. ರಾಜ್ಯ ಆ ಕ್ಯಾಂಪಿನ ಲೈಸೆನ್ಸ್ ಕಿತ್ತುಕೊಂಡಿತು. ಲೈಸೆನ್ಸ್ ಇತ್ತು ಅನ್ನುವುದನ್ನು ಗಮನಿಸಿ.

ಯೂಟಾದ್ದೇ ಬೇಕು ಅಂದರೆ 1994ರ ಒಂದು ಘಟನೆ ಇದೆ. 16 ವರ್ಷದ ಹುಡುಗ, ಗಾಂಜಾ ಸೇದುತ್ತಾನೆ, ಮಾರ್ಕ್ಸ್ ಕಮ್ಮಿಯಾಗಿದೆ ಅಂತ ಮನೆಯವರು ಮರುಭೂಮಿಯ ಕ್ಯಾಂಪಿಗೆ ಕಳಿಸಿದರು. ನಿಮ್ಮ ಮಗನ ಹಾಗೇ ಅಲ್ವಾ? ಹೊಟ್ಟೆನೋವು ಅಂತ ದಿನಗಟ್ಟಲೆ ಹೇಳಿದ, ನಡೆಯಲಾಗದೆ ಬಿದ್ದ, ತೂಕ ಇಳಿಯುತ್ತಾ ಹೋಯಿತು. ಜತೆಗಿದ್ದ ಸಿಬ್ಬಂದಿ ಅವನು ನಾಟಕ ಮಾಡುತ್ತಿದ್ದಾನೆ ಅಂದುಕೊಂಡರು. ಸತ್ತ ಮೇಲೆ ನೋಡಿದರೆ ಹೊಟ್ಟೆಯ ಹುಣ್ಣು ಒಡೆದು ಸೋಂಕು ಹರಡಿತ್ತು.

ನಾನು ನಿಮಗೆ ಹೇಳಬೇಕಾದದ್ದರ ಗುಟ್ಟು ಈ ‘ನಾಟಕ’ದಲ್ಲೇ ಇದೆ. ಇಂಥ ಕೇಂದ್ರಗಳು ಮಗನನ್ನು ಸೇರಿಸಿಕೊಳ್ಳುವ ಮೊದಲು ಅಪ್ಪ ಅಮ್ಮನಿಗೆ ಒಂದು ಪಾಠ ಮಾಡುತ್ತವೆ. "ನಿಮ್ಮ ಮಗ ಅಳುತ್ತಾನೆ, ಊಟ ಕೊಡಲ್ಲ ಅಂತಾನೆ, ಹೊಡೆಯುತ್ತಾರೆ ಅಂತಾನೆ, ಕರೆದುಕೊಂಡು ಹೋಗಿ ಅಂತ ಬೇಡುತ್ತಾನೆ. ನಂಬಬೇಡಿ. ಚಟ ಇರುವ ಮಕ್ಕಳು ಹೀಗೇ ಆಟ ಆಡಿಸುತ್ತಾರೆ. ನೀವು ಕರಗಿದರೆ ಇಲ್ಲಿವರೆಗೆ ಮಾಡಿದ್ದೆಲ್ಲ ಹಾಳು." ಆಮೇಲೆ ಮೊದಲ ವಾರಗಳಲ್ಲಿ ಫೋನ್ ಇಲ್ಲ. ಪತ್ರವನ್ನು ಓದಿಯೇ ಕಳಿಸುತ್ತಾರೆ. ಮುಂದೆ ಫೋನ್ ಕೊಟ್ಟರೂ ಪಕ್ಕದಲ್ಲಿ ಥೆರಪಿಸ್ಟ್ ಕೂತಿರುತ್ತಾರೆ. ದೂರು ಹೇಳಿದರೆ ಪಾಯಿಂಟ್ ಹೋಗುತ್ತದೆ, ಹಂತ ಇಳಿಯುತ್ತದೆ, ಮನೆಗೆ ಬರುವ ದಿನ ಮುಂದಕ್ಕೆ ಹೋಗುತ್ತದೆ. ಹುಡುಗ ಬೇಗ ಕಲಿಯುತ್ತಾನೆ. ಮೂರನೇ ತಿಂಗಳಿಗೆ "ಥ್ಯಾಂಕ್ಸ್ ಅಮ್ಮಾ, ನೀವು ನನ್ನ ಜೀವ ಉಳಿಸಿದ್ರಿ" ಅಂತ ಪತ್ರ ಬರುತ್ತದೆ, ನೀವು ಖುಷಿಯಲ್ಲಿ ಅಳುತ್ತೀರಿ, ಆ ಪತ್ರ ಯಾರಿಗೋಸ್ಕರ ಬರೆದದ್ದು ಅಂತ ನಿಮಗೆ ಗೊತ್ತಾಗುವ ದಾರಿಯೇ ಇರುವುದಿಲ್ಲ.

ಒಳ್ಳೆ ಸಿಬ್ಬಂದಿ ಇದ್ದರೂ ಈ ಏರ್ಪಾಡು ಕೆಡಿಸುತ್ತದೆ. ಮಗು ಏನು ಹೇಳಿದರೂ ಸುಳ್ಳು ಅಂತ ಮೊದಲೇ ತೀರ್ಮಾನ ಆಗಿರುವ ಜಾಗಕ್ಕೆ ಒಬ್ಬ ದುಷ್ಟ ಬಂದರೆ ಅವನನ್ನು ಹಿಡಿಯುವವರು ಯಾರು? ಹೊಟ್ಟೆನೋವು ಬಂದರೆ ಯಾರು ನಂಬುತ್ತಾರೆ? ಅದಕ್ಕೇ ನಿಮ್ಮ ಪತ್ರದಲ್ಲಿ ಕಾಡಿನ ಕ್ಯಾಂಪಿಗಿಂತ, ಒಂದು ವರ್ಷ ಅನ್ನುವುದಕ್ಕಿಂತ, "ಮೊದಲ ಆರು ವಾರ ಫೋನ್ ಇಲ್ಲ" ಅನ್ನುವ ಮಾತು ನನಗೆ ಹೆಚ್ಚು ಗಾಬರಿ ತಂದಿತು. ಯೂಟಾದ ಪ್ರೊವೊ ಕ್ಯಾನ್ಯನ್ ಸ್ಕೂಲ್ ಅನ್ನುವ ಇಂಥದ್ದೇ ಕೇಂದ್ರದಲ್ಲಿ ತನಗಾದ ದೌರ್ಜನ್ಯವನ್ನು ಟಿವಿ ತಾರೆ ಪ್ಯಾರಿಸ್ ಹಿಲ್ಟನ್ 2020ರಲ್ಲಿ ಬಹಿರಂಗವಾಗಿ ಹೇಳಿದ ಮೇಲೆ, ಆ ರಾಜ್ಯವೇ 2021ರಲ್ಲಿ ಕಾನೂನು ತಂದು, ವಾರಕ್ಕೊಮ್ಮೆ ಮಗು ಮನೆಯವರ ಜತೆ ಗೋಪ್ಯವಾಗಿ ಸಂಪರ್ಕ ಮಾಡಲು ಬಿಡಬೇಕು ಅಂತ ಮಾಡಿದೆ. ಹಾಗಿದ್ದ ಮೇಲೆ ಈ ಆರು ವಾರದ ಲೆಕ್ಕ ಹೇಗೆ ಅಂತ ಆ ಕನ್ಸಲ್ಟೆಂಟ್‌ಗೆ ಕೇಳಿ, ಉತ್ತರ ಇಮೇಲ್‌ನಲ್ಲಿ ಕೊಡಲು ಹೇಳಿ.

ಅವರಿಗೆ ಇನ್ನೊಂದೂ ಕೇಳಿ. ಆ ಕೇಂದ್ರದಿಂದ ದುಡ್ಡು, ಪ್ರವಾಸ, ಉಡುಗೊರೆ ಏನಾದರೂ ಬರುತ್ತದಾ ಅಂತ. ಮರ್ಯಾದೆ ನೋಡಬೇಡಿ. 2008ರಲ್ಲಿ ಜಿಎಒದವರು ತಂದೆತಾಯಿಯ ವೇಷದಲ್ಲಿ ಒಂದು ಸಲಹಾ ಸೇವೆಗೆ ಫೋನ್ ಮಾಡಿ ಬೇರೆ ಬೇರೆ ಮಕ್ಕಳ ಕಥೆ ಹೇಳಿದರು. ಎಲ್ಲರಿಗೂ ಅದೇ ಒಂದು ಬೂಟ್ ಕ್ಯಾಂಪ್ (ಸೈನ್ಯದ ಥರದ ಶಿಸ್ತಿನ ಶಿಬಿರ) ಸೂಚಿಸಿದರು. ವಿಚಾರಿಸಿದರೆ ಸಲಹಾ ಸೇವೆ ಒಬ್ಬರದು, ಕ್ಯಾಂಪ್ ಇನ್ನೊಬ್ಬರದು, ಇಬ್ಬರೂ ಗಂಡ ಹೆಂಡತಿ.

ಸರ್ಕಾರ ನೋಡಿಕೊಳ್ಳುತ್ತದೆ ಅಂತ ಭರವಸೆ ಇಟ್ಟುಕೊಳ್ಳಬೇಡಿ. ಇಂಥ ಖಾಸಗಿ ಕೇಂದ್ರಗಳಿಗೆಲ್ಲ ಅನ್ವಯಿಸುವ ಒಂದೇ ರಾಷ್ಟ್ರೀಯ ನಿಯಮ ಇಲ್ಲ, ರಾಜ್ಯಕ್ಕೊಂದು ಥರ. 2024ರ ಜೂನ್‌ನಲ್ಲಿ ಸೆನೆಟ್‌ನ ಹಣಕಾಸು ಸಮಿತಿ ನಾಲ್ಕು ದೊಡ್ಡ ಕಂಪನಿಗಳ ಕೇಂದ್ರಗಳನ್ನು ತನಿಖೆ ಮಾಡಿ ಕಟುವಾದ ವರದಿ ಕೊಟ್ಟಿತು. ಅದೇ ಡಿಸೆಂಬರ್‌ನಲ್ಲಿ ಒಂದು ಕಾನೂನಿಗೆ ಅಧ್ಯಕ್ಷ ಬೈಡನ್ ಸಹಿಯೂ ಹಾಕಿದರು. ಆದರೆ ಅದು ಮುಖ್ಯವಾಗಿ ಅಧ್ಯಯನ ಮಾಡಿ ಶಿಫಾರಸು ಕೊಡಿ ಅನ್ನುವ ಕಾನೂನು, ಯಾವುದನ್ನೂ ನಿಷೇಧಿಸುವುದಿಲ್ಲ. ಇನ್ನು ಹುಡುಗನ ಇಷ್ಟಕ್ಕೆ ಬೆಲೆ ತೀರಾ ಕಮ್ಮಿ. 1979ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ತಂದೆತಾಯಿ ಮಗುವನ್ನು ಮಾನಸಿಕ ಆಸ್ಪತ್ರೆಗೆ ಸೇರಿಸುವಾಗ ಕೋರ್ಟಿನ ವಿಚಾರಣೆ ಬೇಕಿಲ್ಲ, ಡಾಕ್ಟರೊಬ್ಬರು ಸ್ವತಂತ್ರವಾಗಿ ನೋಡಿದರೆ ಸಾಕು ಅಂದಿತು. ಖಾಸಗಿ ಕ್ಯಾಂಪುಗಳಲ್ಲಿ ಎಷ್ಟೋ ಸಲ ಆ ಡಾಕ್ಟರೂ ಇರುವುದಿಲ್ಲ. ಒಟ್ಟಿನಲ್ಲಿ ನಿಮ್ಮ ಸಹಿಯೇ ಮೊದಲನೇದು, ಕೊನೇದು.

ಬೆಳಗಿನ ಜಾವ ಬರುವ ಆ ಇಬ್ಬರ ಬಗ್ಗೆ. ಕಾನೂನು ಹೆಚ್ಚಿನ ಕಡೆ ತಡೆಯುವುದಿಲ್ಲ. ಆದರೆ ಮಲಗಿದ್ದ ಹುಡುಗನನ್ನು ಅಪರಿಚಿತ ಗಂಡಸರು ಎಬ್ಬಿಸಿ, ತೋಳು ಹಿಡಿದು ಕಾರಿಗೆ ಹಾಕುವಾಗ ಅವನು ಕೂಗುವುದು ನಿಮ್ಮನ್ನೇ. ನೀವು ಬಾಗಿಲಲ್ಲಿ ಸುಮ್ನೆ ನಿಂತಿರುತ್ತೀರಿ, ಹಾಗೇ ನಿಲ್ಲಿ ಅಂತ ನಿಮಗೆ ಹೇಳಿಕೊಟ್ಟಿರುತ್ತಾರೆ. ಇಂಥ ಕಡೆ ಇದ್ದು ಬಂದು ಈಗ ಮೂವತ್ತು ನಲವತ್ತು ವಯಸ್ಸಾದವರು ಕ್ಯಾಂಪಿನ ಚಳಿ, ಹಸಿವು ಎಲ್ಲಕ್ಕಿಂತ ಮೊದಲು ಹೇಳುವುದು ಆ ರಾತ್ರಿಯ ಮಾತನ್ನೇ. ಅಪ್ಪ ಅಮ್ಮನ ಜತೆ ಮಾತು ನಿಂತದ್ದು ಅಲ್ಲಿಂದಲೇ.

ಹೋಗಲಿ, ಇಷ್ಟೆಲ್ಲ ಆದ ಮೇಲೆ ಚಟವಾದರೂ ಬಿಡುತ್ತದಾ? ಹೆದರಿಸಿ, ಗದರಿಸಿ ದಾರಿಗೆ ತರುವ ಕಾರ್ಯಕ್ರಮಗಳು ಕೆಲಸ ಮಾಡುವುದಿಲ್ಲ, ಕೆಲವು ಸಲ ಇನ್ನೂ ಕೆಡಿಸುತ್ತವೆ ಅಂತ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್ ಕರೆದ ತಜ್ಞರ ಸಭೆ 2004ರಲ್ಲೇ ಹೇಳಿದೆ. ದಾರಿ ತಪ್ಪಿದ ಮಕ್ಕಳನ್ನೇ ಒಟ್ಟಿಗೆ ಹಾಕಿದರೆ ಒಬ್ಬರಿಂದ ಒಬ್ಬರು ಕಲಿಯುತ್ತಾರೆ ಅಂತಲೂ ಸಂಶೋಧನೆಗಳಲ್ಲಿ ಕಂಡಿದೆ. ಗಾಂಜಾ ಸೇದುವ ಹುಡುಗ ಪಕ್ಕದ ಹಾಸಿಗೆಯವನಿಂದ ಬೇರೆ ಹೆಸರುಗಳನ್ನು ಕಲಿತು ಬರುತ್ತಾನೆ. ಇನ್ನೊಂದು ಅಪಾಯ ಜೀವಕ್ಕೇ ಸಂಬಂಧಿಸಿದ್ದು: ಫೆಂಟನಿಲ್ ಥರದ್ದು ತೆಗೆದುಕೊಳ್ಳುತ್ತಿದ್ದವನು ತಿಂಗಳುಗಟ್ಟಲೆ ಬಿಟ್ಟು ಬಂದರೆ ದೇಹದ ತಾಳಿಕೆ ಇಳಿದಿರುತ್ತದೆ, ಹೊರಗೆ ಬಂದ ದಿನಗಳಲ್ಲಿ ಹಳೇ ಅಳತೆಯಲ್ಲೇ ತೆಗೆದುಕೊಂಡರೆ ಸಾಯುತ್ತಾನೆ. ಔಷಧ ಕೊಡದೆ ಬರೀ ಬೈದು ಕಳಿಸುವ ಕೇಂದ್ರಗಳು ಇದಕ್ಕೆ ಏನೂ ಮಾಡುವುದಿಲ್ಲ.

ಹಾಗಾದರೆ ಏನು ಮಾಡುವುದು. ಮೊದಲು ನಿಮ್ಮ ಪೀಡಿಯಾಟ್ರಿಶಿಯನ್ ಹತ್ತಿರ ಹೋಗಿ, ಹದಿಹರೆಯದವರ ಅಡಿಕ್ಷನ್ ನೋಡುವ ಡಾಕ್ಟರ ಹತ್ತಿರ ರೆಫರಲ್ ತೆಗೆದುಕೊಳ್ಳಿ. ಡಲ್ಲಾಸ್ ದೊಡ್ಡ ಊರು, ಮಕ್ಕಳ ಆಸ್ಪತ್ರೆ, ಮೆಡಿಕಲ್ ಕಾಲೇಜು ಎರಡೂ ಇವೆ. ಅವರು ಮಗನ ಜತೆ ಒಬ್ಬನೇ ಇರುವಾಗ ಮಾತಾಡುತ್ತಾರೆ, ನೀವು ಹೊರಗೆ ಕೂರಬೇಕು, ಬೇಜಾರು ಮಾಡಿಕೊಳ್ಳಬೇಡಿ. ಎಷ್ಟು, ಯಾವುದು, ಯಾಕೆ ಅನ್ನುವುದು ಹೊರಗೆ ಬರುವುದು ಅಲ್ಲೇ. ಆ ‘ಯಾಕೆ’ ದೊಡ್ಡದು. ನಿದ್ದೆ ಬರಲ್ಲ ಅಂತ ಶುರು ಮಾಡಿದವರು, ಖಿನ್ನತೆ ಇದ್ದವರು, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದ್ದೂ ಯಾರಿಗೂ ಗೊತ್ತಾಗದವರು, ಸ್ಕೂಲಿನಲ್ಲಿ ಪೀಡನೆ ತಿಂದವರು, ಸುಮ್ನೆ ಗೆಳೆಯರ ಜತೆ ಸೇದಿದವರು, ಎಲ್ಲರಿಗೂ ಒಂದೇ ಚಿಕಿತ್ಸೆ ಇಲ್ಲ. ನೀವು ಬರೆದಷ್ಟನ್ನೇ ನೋಡಿದರೆ ಮನೆಯಲ್ಲೇ ಇದ್ದು ವಾರಕ್ಕೆ ಒಂದೆರಡು ಸಲ, ಅಥವಾ ಸ್ಕೂಲ್ ಮುಗಿಸಿ ವಾರಕ್ಕೆ ಕೆಲವು ದಿನ ಕೆಲವು ಗಂಟೆ ಹೋಗಿ ಬರುವ ಚಿಕಿತ್ಸೆ ಸಾಕಾಗಬಹುದು. ತೀರ್ಮಾನ ಮಾತ್ರ ಮಗನನ್ನು ನೋಡಿದ ಡಾಕ್ಟರದು, ಪತ್ರ ಓದಿದ ನನ್ನದಲ್ಲ, ಫೀಸು ತೆಗೆದುಕೊಂಡ ಕನ್ಸಲ್ಟೆಂಟ್‌ದಂತೂ ಅಲ್ಲವೇ ಅಲ್ಲ.

ಈ ವಯಸ್ಸಿಗೆ ಚೆನ್ನಾಗಿ ಪರೀಕ್ಷೆಯಾಗಿ ನಿಂತಿರುವುದು ಮನೆಯವರನ್ನೆಲ್ಲ ಸೇರಿಸಿಕೊಂಡು ಮಾಡುವ ಫ್ಯಾಮಿಲಿ ಥೆರಪಿ. ಅಪ್ಪನೂ ಬರಬೇಕು. ನಮ್ಮ ಅಪ್ಪಂದಿರು "ನೀನು ಕರೆದುಕೊಂಡು ಹೋಗು, ನನಗೆ ಮೀಟಿಂಗ್ ಇದೆ" ಅಂತ ತಪ್ಪಿಸಿಕೊಳ್ಳುತ್ತಾರೆ. ತಿಂಗಳಿಗೆ 10 ಸಾವಿರ ಡಾಲರ್ ಮೇಲೆ ಕೇಳುವ ಕೇಂದ್ರಕ್ಕೆ ದುಡ್ಡು ಹೊಂದಿಸಲು ತಯಾರಿರುವವರು ವಾರಕ್ಕೊಂದು ಗಂಟೆ ಹೊಂದಿಸಲಿ. ವೇಪ್ ಪೆನ್ನಿನ ಗಾಂಜಾ ಹಿಂದಿನ ಕಾಲದ ಸೊಪ್ಪಿಗಿಂತ ಹಲವು ಪಟ್ಟು ಬಲವಾದದ್ದು. ಬಿಟ್ಟ ಮೊದಲ ಒಂದೆರಡು ವಾರ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು ಎಲ್ಲ ಇರುತ್ತದೆ. ಅದನ್ನು ಕೊಬ್ಬು ಅಂದುಕೊಂಡು ಜಗಳಕ್ಕೆ ನಿಲ್ಲಬೇಡಿ. ಮಾತ್ರೆಗಳ ಅಭ್ಯಾಸವೇ ಆಗಿದೆ ಅಂತ ಡಾಕ್ಟರಿಗೆ ಕಂಡರೆ ಬ್ಯುಪ್ರೆನಾರ್ಫಿನ್ ಅನ್ನುವ ಔಷಧ ಇದೆ. 16 ವರ್ಷ ಮೇಲ್ಪಟ್ಟವರಿಗೆ ಅನುಮತಿ ಸಿಕ್ಕಿರುವ ಔಷಧ ಅದು, ಅದಕ್ಕಿಂತ ಸಣ್ಣವರಿಗೆ ಬೇಕಾದರೆ ಡಾಕ್ಟರು ತಮ್ಮ ವಿವೇಚನೆಯಲ್ಲಿ ಕೊಡಬಹುದು. ಒಂದು ಬಿಡಿಸಿ ಇನ್ನೊಂದು ಹಿಡಿಸುತ್ತಾರೆ ಅನ್ನುವ ಮಾತಿಗೆ ಕಿವಿ ಕೊಡಬೇಡಿ, ಅದು ಜೀವ ಉಳಿಸುತ್ತದೆ.

ಒಳಗೆ ಸೇರಿಸಲೇಬೇಕಾದ ಸಂದರ್ಭಗಳೂ ಇವೆ. ಸಾಯುವ ಮಾತಾಡುತ್ತಿದ್ದಾನೆ, ಓವರ್‌ಡೋಸ್ ಆಗಿದೆ, ಆತಂಕಕ್ಕೆ ಕೊಡುವ ಝಾನಾಕ್ಸ್ ಥರದ ಮಾತ್ರೆಯನ್ನೋ ಮದ್ಯವನ್ನೋ ದಿನಾ ತೆಗೆದುಕೊಂಡು ಈಗ ಬಿಟ್ಟರೆ ಫಿಟ್ಸ್ ಬರುವ ಅಪಾಯ ಇದೆ, ಇಲ್ಲದ ಧ್ವನಿ ಕೇಳಿಸುತ್ತಿದೆ. ಆಗ ತಡ ಮಾಡಬೇಡಿ. ಆದರೆ ಆಸ್ಪತ್ರೆಗೆ ಸೇರಿದ ಘಟಕ ಹುಡುಕಿ, ಹತ್ತಿರದ್ದು, ವಾರಗಳ ಲೆಕ್ಕದ್ದು. ಹೋಗಿ ನೋಡಿ. ಹೇಳದೆ ಕೇಳದೆ ಬಂದರೆ ಒಳಗೆ ಬಿಡುತ್ತೀರಾ ಅಂತ ಕೇಳಿ. ಮೊದಲ ದಿನವೇ ಮಗನ ಜತೆ ಯಾರೂ ಪಕ್ಕದಲ್ಲಿಲ್ಲದೆ ಫೋನಿನಲ್ಲಿ ಮಾತಾಡಬಹುದಾ, ಮೈ ಹಿಡಿದು ಕೆಡವುವುದು, ಒಂಟಿ ಕೋಣೆ ಇದನ್ನೆಲ್ಲ ಕಳೆದ ವರ್ಷ ಎಷ್ಟು ಸಲ ಮಾಡಿದ್ದೀರಿ, ರಾತ್ರಿ ಪಾಳಿಯಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಜನ, ಸೈಕಿಯಾಟ್ರಿಸ್ಟ್ ವಾರಕ್ಕೆ ಎಷ್ಟು ಸಲ ಖುದ್ದಾಗಿ ನೋಡುತ್ತಾರೆ, ನಾನು ಇವತ್ತು ಕರೆದುಕೊಂಡು ಹೋಗುತ್ತೇನೆ ಅಂದರೆ ಬಿಡುತ್ತೀರಾ. "ನಮ್ಮನ್ನು ನಂಬಿ, ಪ್ರೋಗ್ರಾಂ ಮೇಲೆ ವಿಶ್ವಾಸ ಇಡಿ" ಅನ್ನುವ ಉತ್ತರ ಬಂದರೆ ಎದ್ದು ಬನ್ನಿ. ರಾಜ್ಯದ ಲೈಸೆನ್ಸಿಂಗ್ ಇಲಾಖೆಯ ತಪಾಸಣೆ ವರದಿಗಳು ಎಷ್ಟೋ ಕಡೆ ಯಾರು ಬೇಕಾದರೂ ನೋಡುವಂತೆ ಇರುತ್ತವೆ, ಓದಿ.

ನಿಮ್ಮ ಭಾವ ಹೇಳಿದ ಬೆಂಗಳೂರಿನ ಮಾತು. ಅವರು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಅಡಿಕ್ಷನ್ ವಿಭಾಗದಂಥ ಒಳ್ಳೆ ಜಾಗ ಇದೆ. ಆದರೆ "ರಿಹ್ಯಾಬ್" ಅಂತ ಬೋರ್ಡು ಹಾಕಿಕೊಂಡ ಎಲ್ಲವೂ ಹಾಗಲ್ಲ. ಗಾಡಿ ಕಳಿಸಿ ಮನೆಯಿಂದ ಎತ್ತಿಕೊಂಡು ಹೋಗುವುದು ನಮ್ಮಲ್ಲೂ ಇದೆ, ದೊಡ್ಡವರ ಜತೆ ಮಕ್ಕಳನ್ನು ಹಾಕುವುದೂ ಇದೆ. ಕಾನೂನು ಮಾತ್ರ ನಮ್ಮದು ಸ್ಪಷ್ಟ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. 18ರ ಒಳಗಿನವರನ್ನು ಸೇರಿಸಬೇಕಾದರೆ ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಿ ಒಪ್ಪಬೇಕು, ದೊಡ್ಡವರಿಂದ ಬೇರೆ ಇಡಬೇಕು, ಅಪ್ಪನೋ ಅಮ್ಮನೋ ಪೋಷಕರೋ ಅವರು ನೇಮಿಸಿದ ಒಬ್ಬರೋ ಜತೆಗೇ ಇರಬೇಕು, 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಸರಪಳಿ ಹಾಕುವುದು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದು ಎರಡೂ ನಿಷಿದ್ಧ. ಮಗನನ್ನು ಒಬ್ಬನನ್ನೇ ಬಿಟ್ಟು ನೀವು ಡಲ್ಲಾಸ್‌ಗೆ ವಾಪಸ್ ಹೋಗಿ ಅನ್ನುವ ಜಾಗ ಈ ಕಾಯ್ದೆಯನ್ನು ಮುರಿಯುತ್ತಿದೆ ಅಂತಲೇ ಅರ್ಥ. ಅಲ್ಲದೆ ಅವನು ಬೆಳೆದದ್ದು ಟೆಕ್ಸಾಸ್‌ನಲ್ಲಿ, ಗೆಳೆಯರು ಅಲ್ಲಿ, ಮಾತ್ರೆ ಸಿಗುವುದೂ ಅಲ್ಲಿ. ಬೇಡ ಅನ್ನುವುದನ್ನು ಅವನು ಕಲಿಯಬೇಕಾದದ್ದು ಆ ಜಾಗದಲ್ಲೇ.

ನೀವು ಬರೆಯದ ಒಂದು ಭಯ ಇರಬಹುದು, ಎಚ್-1ಬಿ ಮನೆಗಳಲ್ಲಿ ಇದ್ದೇ ಇರುತ್ತದೆ. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲದಿದ್ದರೆ ಅದರ ಮೆಡಿಕಲ್ ಪರೀಕ್ಷೆಯಲ್ಲಿ ಡ್ರಗ್ಸ್ ಬಳಕೆಯ ಪ್ರಶ್ನೆ ಬರುತ್ತದೆ, ಪೊಲೀಸ್ ಕೇಸಾದರೂ ತೊಂದರೆ. ಹಾಗಾಗಿ ಒಂದು ಸಲ ಇಮಿಗ್ರೇಷನ್ ವಕೀಲರ ಹತ್ತಿರ ಕೂತು ಮಾತಾಡಿ. ಆದರೆ ಚಿಕಿತ್ಸೆಯ ದಾಖಲೆಗಳಿಗೆ ಅಮೆರಿಕದಲ್ಲಿ ಬಿಗಿಯಾದ ಗೋಪ್ಯತೆಯ ನಿಯಮ ಇದೆ, ಈ ಭಯಕ್ಕೆ ಡಾಕ್ಟರ ಹತ್ತಿರ ಹೋಗುವುದನ್ನು ಮುಂದಕ್ಕೆ ಹಾಕಬೇಡಿ. ಅಲ್ಲಿನ ಕನ್ನಡ ಸಂಘದವರು ಏನಂತಾರೆ ಅನ್ನುವ ಭಯವೂ ಇರಬಹುದು. ಮಗ ಬೋರ್ಡಿಂಗ್ ಸ್ಕೂಲಿಗೆ ಹೋಗಿದ್ದಾನೆ ಅಂತ ಯುಗಾದಿ ಊಟದಲ್ಲಿ ಹೇಳುವುದು ಸುಲಭ, ಇಂಥ ಕೇಂದ್ರಗಳ ವ್ಯಾಪಾರ ಅರ್ಧ ನಡೆಯುವುದೇ ಆ ಸುಲಭದ ಮೇಲೆ.

ಮಗನ ಜತೆ ಹೇಗೆ ಮಾತಾಡುವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾರಿನಲ್ಲಿ ಮಾತಾಡಿ, ಎದುರುಬದುರು ಕೂರಿಸಿ ಬೇಡ. ಯಾರು ಕೊಟ್ಟರು ಅನ್ನುವ ವಿಚಾರಣೆ ಬಿಡಿ. ಮಾತ್ರೆಯಲ್ಲಿ ಫೆಂಟನಿಲ್ ಇರಬಹುದು, ನೀನು ಸಾಯಬಹುದು ಅಂತ ನಮಗೆ ಭಯ ಆಗಿದೆ, ಡಾಕ್ಟರ ಹತ್ತಿರ ಹೋಗೋಣ, ನಿನ್ನನ್ನು ಎಲ್ಲಿಗೂ ಕದ್ದು ಕಳಿಸುವುದಿಲ್ಲ. ಇಷ್ಟು ಸಾಕು. ಅಪ್ಪ ಹೇಳಿದರೆ ಇನ್ನೂ ಒಳ್ಳೆಯದು.

ಕನ್ಸಲ್ಟೆಂಟ್‌ಗೆ ಅಥವಾ ಕೇಂದ್ರಕ್ಕೆ ಈಗಾಗಲೇ ಮುಂಗಡ ಕೊಟ್ಟಿದ್ದರೆ, ಮಗನನ್ನು ಕಳಿಸುತ್ತಿಲ್ಲ, ದುಡ್ಡು ವಾಪಸ್ ಕೊಡಿ ಅಂತ ಇಮೇಲ್ ಬರೆಯಿರಿ. ಕರೆದುಕೊಂಡು ಹೋಗುವವರಿಗೆ ನಿಮ್ಮವರು ಸಹಿ ಹಾಕಿದ ಒಪ್ಪಿಗೆ ಪತ್ರ ಇದ್ದರೆ ಅದನ್ನೂ ಲಿಖಿತವಾಗಿ ರದ್ದು ಮಾಡಿ, ಅದು ಫೋನಿನಲ್ಲಿ ಹೇಳಿ ಬಿಡುವ ವಿಷಯವಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದು ವಾಪಸ್ ಬರದಿದ್ದರೆ ಬ್ಯಾಂಕಿಗೆ ತಕರಾರು ಹಾಕಿ. ಡಾಕ್ಟರು ನೋಡಿ ಏನಂದರು ಅಂತ ನನಗೆ ಬರೆಯಿರಿ, ಯಾವ ಮಟ್ಟದ ಚಿಕಿತ್ಸೆ ಅಂದರು ಅನ್ನುವುದನ್ನು ಅವರ ಮಾತಲ್ಲೇ ಬರೆಯಿರಿ, ಇನ್ಷೂರೆನ್ಸ್‌ನವರು ಒಪ್ಪದಿದ್ದರೆ ಮೇಲ್ಮನವಿ ಹಾಕುವಾಗ ಅದೇ ಬೇಕಾಗುತ್ತದೆ.